ಕಾರ್ಡ್ ಮುಚ್ಚಿಕೊಂಡಾಗ ಬ್ಯಾಕಪ್ ಫೈಲಿನಲ್ಲಿ ಕೀಲಿಯೇ ಇರಲಿಲ್ಲ: ಒಂದು ಪ್ರಕರಣ ಅಧ್ಯಯನ

ಮೇಲ್ ತೆರೆಯುವ ಖಾಸಗಿ ಕೀಲಿಯನ್ನು ತನ್ನ ಚಿಪ್ಪಿನೊಳಗೆ ಇಟ್ಟುಕೊಳ್ಳುವ ಸ್ಮಾರ್ಟ್ ಕಾರ್ಡ್ ಅದು. ಅದನ್ನು ರೀಡರಿಗೆ ಹಾಕಿ ಸ್ಥಿತಿ ಕೇಳಿದಾಗ ಎನ್‌ಕ್ರಿಪ್ಷನ್ ತಂತ್ರಾಂಶವಾದ ಜಿಪಿಜಿ ತೋರಿಸಿದ ಒಂದೇ ಸಾಲಿನಲ್ಲಿ ಅರ್ಧ ಕಥೆ ಇತ್ತು. ಪಿನ್ ಪ್ರಯತ್ನಗಳ ಲೆಕ್ಕ: 0 0 0.

ಸರಿಯಾಗಿರುವ ಓಪನ್‌ಪಿಜಿಪಿ (ಜಿಪಿಜಿ ಪಾಲಿಸುವ ಮಾನದಂಡ) ಕಾರ್ಡಿನಲ್ಲಿ ಈ ಸಾಲು ಸಾಮಾನ್ಯವಾಗಿ 3 0 3 ಎಂದಿರುತ್ತದೆ. ಮೊದಲ ಅಂಕಿ ಬಳಕೆದಾರರ ಪಿನ್ನಿಗೆ ಉಳಿದಿರುವ ಅವಕಾಶ, ಕೊನೆಯದು ಅಡ್ಮಿನ್ ಪಿನ್ನಿನದು. ನಡುವಿನದು ರೀಸೆಟ್ ಕೋಡ್. ಅದನ್ನು ಹೆಚ್ಚಿನವರು ಇಟ್ಟುಕೊಳ್ಳುವುದೇ ಇಲ್ಲ, ಹಾಗಾಗಿ ಅಲ್ಲಿ ಸೊನ್ನೆ ಇದ್ದರೆ ಗಾಬರಿ ಬೇಡ. ಮೊದಲನೆಯದು ಸೊನ್ನೆಯಾದರೂ ಅಡ್ಮಿನ್ ಪಿನ್ ಕೊಟ್ಟು ಕಾರ್ಡನ್ನು ಮತ್ತೆ ತೆರೆಯಬಹುದು. ಮೂರೂ ಸೊನ್ನೆ ಎಂದರೆ ಒಳಗಿನ ಕೀಲಿಗಳನ್ನು ಇನ್ನು ಯಾರೂ ಬಳಸಲಾರರು, ಕಾರ್ಡ್ ತಯಾರಿಸಿದವರೂ ಸಹ. ಉಳಿಯುವುದು ಫ್ಯಾಕ್ಟರಿ ರೀಸೆಟ್ ಒಂದೇ. ಅದರಿಂದ ಖಾಲಿ ಕಾರ್ಡ್ ಸಿಗುತ್ತದೆ, ಕೀಲಿ ಸಿಗುವುದಿಲ್ಲ.

ಕಾರ್ಡ್ ಒಂದು ಸಣ್ಣ ತಂಡದ್ದು. ಹೊರಗಿನವರು ಗೋಪ್ಯವಾಗಿ ಕಳಿಸುವ ದಾಖಲೆಗಳನ್ನು ಪರಿಶೀಲಿಸುವುದು ಅವರ ಕೆಲಸ. ಬರುವ ಮೇಲ್‌ಗಳೆಲ್ಲ ಒಂದೇ ವಿಳಾಸಕ್ಕೆ, ಒಂದೇ ಸಾರ್ವಜನಿಕ ಕೀಲಿಗೆ ಎನ್‌ಕ್ರಿಪ್ಟ್ ಆಗಿ ಬರುತ್ತಿದ್ದವು. ಅವನ್ನು ತೆರೆಯಬಲ್ಲ ಒಂದೇ ಕೀಲಿ, ಅಂದರೆ ಅದರ ಜೋಡಿಯಾದ ಖಾಸಗಿ ಕೀಲಿ, ಇದ್ದದ್ದು ತಂಡದ ಮುಖ್ಯಸ್ಥೆಯ ಬಳಿಯ ಕಾರ್ಡಿನಲ್ಲಿ. ಮೂರು ವರ್ಷಗಳ ಮೇಲ್ ಸರ್ವರಿನಲ್ಲಿ ಎನ್‌ಕ್ರಿಪ್ಟ್ ಆಗಿಯೇ ಕೂತಿತ್ತು. ತಾವು ಕಳಿಸಿದ ಮೇಲ್‌ಗಳ ಪ್ರತಿಗಳೂ ಅದೇ ಕೀಲಿಗೆ ಎನ್‌ಕ್ರಿಪ್ಟ್ ಆಗಿದ್ದರಿಂದ, ತಾವೇ ಬರೆದದ್ದನ್ನೂ ಈಗ ಓದುವಂತಿರಲಿಲ್ಲ.

ಮೂರು ಸೊನ್ನೆ ಹೇಗಾಯಿತು

ಮುಖ್ಯಸ್ಥೆಗೆ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಕಾರ್ಡ್ ಹಾಕಿದರು, ಪಿನ್ ಕೇಳಿತು, ಕೊಟ್ಟರು, ತಪ್ಪು ಎಂದಿತು. ವರ್ಷಗಳಿಂದ ಬೆರಳಿಗೆ ಅಭ್ಯಾಸವಾಗಿದ್ದ ಪಿನ್ ಅದು. ಇನ್ನೆರಡು ಬಾರಿ ಅದನ್ನೇ ನಿಧಾನವಾಗಿ ಒತ್ತಿದರು. ಅಲ್ಲಿಗೆ ಮೊದಲ ಸೊನ್ನೆ.

ಅವರ ನೆನಪು ತಪ್ಪಿರಲಿಲ್ಲ. ಪಿನ್ ಎಂದರೆ ಅಂಕಿಗಳಷ್ಟೇ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಈ ಕಾರ್ಡುಗಳು ಅಕ್ಷರ, ಚಿಹ್ನೆಗಳನ್ನೂ ಒಪ್ಪುತ್ತವೆ. ಈ ಪಿನ್ನಿನಲ್ಲಿ ಇಮೇಲ್ ವಿಳಾಸದ ನಡುವೆ ಬರುವ ಆ 'ಅಟ್' ಚಿಹ್ನೆ ಇತ್ತು. ಹಳೆಯ ಲ್ಯಾಪ್‌ಟಾಪಿನ ಕೀಬೋರ್ಡ್ ವಿನ್ಯಾಸ ಅಮೆರಿಕದ್ದು, ಹೊಸದರಲ್ಲಿ ಬ್ರಿಟನ್ನಿನದು ಆಯ್ಕೆಯಾಗಿತ್ತು. ಬ್ರಿಟನ್ನಿನ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಬರುವುದು ಜೋಡಿ ಉದ್ಧರಣ ಚಿಹ್ನೆ. ಪಿನ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕೆಗಳು, ಬೆರಳು ಒತ್ತಿದ್ದು ಸರಿಯಾದ ಜಾಗವೇ. ಕಾರಣ ಹೊಳೆದದ್ದು ಬಹಳ ತಡವಾಗಿ, ಅದೂ ಅದೇ ಲ್ಯಾಪ್‌ಟಾಪಿನಲ್ಲಿ ಬೇರೊಂದು ಮೇಲ್ ವಿಳಾಸ ಬರೆಯಲು ಹೋದಾಗ.

ಎರಡನೆಯ ಹಂತದಲ್ಲಿ ಅವಸರ ಕೆಲಸ ಮಾಡಿತು. ಎಟಿಎಂ ಕಾರ್ಡಿನ ಹಾಗೆ ಮರುದಿನ ಲೆಕ್ಕ ತಾನಾಗಿ ಮೂರಕ್ಕೆ ಬರುತ್ತದೆ ಎಂದು ಅವರು ಒಂದು ರಾತ್ರಿ ಕಾದರು. ಇಲ್ಲಿ ಹಾಗಿಲ್ಲ. ಲೆಕ್ಕ ಚಿಪ್ಪಿನಲ್ಲೇ ಉಳಿಯುತ್ತದೆ, ಅದಕ್ಕೆ ಗಡಿಯಾರವಿಲ್ಲ. ಸೊನ್ನೆ ಮುಟ್ಟುವ ಮುಂಚೆ ಸರಿಯಾದ ಪಿನ್ ಬಿದ್ದರೆ, ಇಲ್ಲವೇ ಅಡ್ಮಿನ್ ಪಿನ್ ಕೊಟ್ಟು ತೆರೆದರೆ ಮಾತ್ರ ಮತ್ತೆ ಮೂರಾಗುತ್ತದೆ. ಬೆಳಿಗ್ಗೆ ಯಾರೋ ಕೈಪಿಡಿ ಹುಡುಕಿ, ಅಡ್ಮಿನ್ ಪಿನ್ 12345678 ಎಂದು ಹೇಳಿದರು. ಕಾರ್ಖಾನೆಯಿಂದ ಬರುವಾಗ ಅದು ನಿಜ. ಬಳಕೆದಾರರ ಪಿನ್ 123456, ಅಡ್ಮಿನ್ ಪಿನ್ 12345678. ಆದರೆ ಈ ಕಾರ್ಡನ್ನು ಸಿದ್ಧಪಡಿಸಿದವರು ಎರಡನ್ನೂ ಬದಲಿಸಿದ್ದರು, ಬದಲಿಸಬೇಕಾದದ್ದೇ. ಒಮ್ಮೆ ಅದು ಹೋಯಿತು. ಆಮೇಲೆ ಬಳಕೆದಾರರ ಪಿನ್ನನ್ನೇ ಅಡ್ಮಿನ್ ಪಿನ್ ಎಂದು ಎರಡು ಬಾರಿ ಕೊಟ್ಟರು. ಮೂರನೆಯ ಸೊನ್ನೆಯೂ ಬಿತ್ತು.

ಇದರ ನೋವಿನ ಭಾಗ ಬೇರೆಯೇ ಇದೆ. ಸರಿಯಾದ ಅಡ್ಮಿನ್ ಪಿನ್ ಬರೆದ ಮುಚ್ಚಿದ ಲಕೋಟೆ ಅದೇ ಕಚೇರಿಯಲ್ಲಿ, ಲೆಕ್ಕಪತ್ರದ ತಿಜೋರಿಯಲ್ಲಿ ಇತ್ತು. ಕಾರ್ಡ್ ಸಿದ್ಧಪಡಿಸಿದ ತಾಂತ್ರಿಕ ಸಹಾಯಕ ಕೆಲಸ ಬಿಟ್ಟು ಹೋಗುವ ಮುಂಚೆ ಇಟ್ಟು ಹೋಗಿದ್ದರು. ಲಕೋಟೆ ಇರುವುದು ಲೆಕ್ಕಿಗರಿಗೆ ಗೊತ್ತಿತ್ತು, ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಮುಖ್ಯಸ್ಥೆಗೆ ಲಕೋಟೆಯೇ ಗೊತ್ತಿರಲಿಲ್ಲ.

ಇತ್ತೆಂದುಕೊಂಡ ಬ್ಯಾಕಪ್

ಹೀಗಿದ್ದೂ ಕಚೇರಿಯಲ್ಲಿ ಅಂಥ ಆತಂಕವಿರಲಿಲ್ಲ. "ಬ್ಯಾಕಪ್ ಇದೆ ಸರ್, ಹೊಸ ಕಾರ್ಡಿಗೆ ಹಾಕಿಕೊಟ್ಟರೆ ಆಯಿತು" ಎಂದು ಒಂದು ಪೆನ್‌ಡ್ರೈವ್ ನನ್ನ ಕೈಗಿಟ್ಟರು. ಅದರಲ್ಲಿ ಖಾಸಗಿ ಕೀಲಿಯ ರಫ್ತು ಎಂದು ಹೆಸರಿಟ್ಟ ಫೈಲ್ ಒಂದಿತ್ತು. ಅದನ್ನು ಪರೀಕ್ಷೆ ಮಾಡಿಯೂ ನೋಡಿದ್ದರಂತೆ: ಇನ್ನೊಂದು ಕಂಪ್ಯೂಟರಿಗೆ ಆಮದು ಮಾಡಿಕೊಂಡು ಒಂದು ಮೇಲ್ ತೆರೆದಿದ್ದರು, ತೆರೆದಿತ್ತು.

ಫೈಲಿನ ಒಳರಚನೆಯನ್ನು ಜಿಪಿಜಿಯಿಂದಲೇ ಪ್ಯಾಕೆಟ್ ಪ್ಯಾಕೆಟ್ ಆಗಿ ಬಿಡಿಸಿ ನೋಡಿದೆ. ಖಾಸಗಿ ಕೀಲಿ ಇರಬೇಕಾದ ಪ್ರತಿ ಜಾಗದಲ್ಲೂ 'ಗ್ನು ಡೈವರ್ಟ್ ಟು ಕಾರ್ಡ್' ಎಂಬ ಗುರುತು, ಪಕ್ಕದಲ್ಲಿ ಕಾರ್ಡಿನ ಕ್ರಮಸಂಖ್ಯೆ. ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸ್ಮಾರ್ಟ್ ಕಾರ್ಡ್ ಬಳಸುವವರು ಬೀಳುವ ದೊಡ್ಡ ಗುಂಡಿ ಇದೇ. ಕೀಲಿ ಕಾರ್ಡಿನೊಳಗೆ ಇದ್ದಾಗ ಕಂಪ್ಯೂಟರಿನಲ್ಲಿ ಉಳಿಯುವುದು ಒಂದು ಸ್ಟಬ್. 'ಈ ಕೀಲಿ ಬೇಕಾದರೆ ಇಂಥ ಕ್ರಮಸಂಖ್ಯೆಯ ಕಾರ್ಡನ್ನು ಕೇಳು' ಎಂಬ ಚೀಟಿ ಅದು. ಖಾಸಗಿ ಕೀಲಿಗಳ ಪಟ್ಟಿ ತೆಗೆದರೆ ಅಂಥ ಸಾಲುಗಳ ಮುಂದೆ ಬಲಕ್ಕೆ ತಿರುಗಿದ ಕೋನದ ಚಿಹ್ನೆ ಕಾಣುತ್ತದೆ. ರಫ್ತು ಮಾಡು ಎಂದರೆ ಜಿಪಿಜಿ ಆ ಚೀಟಿಯನ್ನೇ ರಫ್ತು ಮಾಡುತ್ತದೆ. ಕೀಲಿಯನ್ನು ಕಾರ್ಡಿನಿಂದ ಹೊರಗೆಳೆಯಲು ಅದಕ್ಕೂ ಆಗುವುದಿಲ್ಲ, ಕಾರ್ಡ್ ಇರುವುದೇ ಅದಕ್ಕಾಗಿ. ದೋಷ ಸಂದೇಶ ಬರುವುದಿಲ್ಲ. ಫೈಲ್ ಹುಟ್ಟುತ್ತದೆ, ಹೆಸರೂ ಸರಿಯಾಗಿ ಕಾಣುತ್ತದೆ.

ಹಾಗಾದರೆ ಪರೀಕ್ಷೆಯಲ್ಲಿ ಮೇಲ್ ತೆರೆದದ್ದು ಹೇಗೆ? ಪರೀಕ್ಷೆ ಮಾಡುವಾಗ ಕಾರ್ಡ್ ರೀಡರಿನಲ್ಲೇ ಇತ್ತು. ಆಮದು ಮಾಡಿದಾಗ, ಕಾರ್ಡ್ ಹಾಕಿ ಅದರ ಸ್ಥಿತಿ ನೋಡಿ ಎಂದು ಜಿಪಿಜಿ ಸೂಚಿಸಿದೆ, ಇವರು ಹಾಕಿದ್ದಾರೆ, ಮೇಲ್ ತೆರೆದಿದೆ. ಮೇಲ್ ತೆರೆದದ್ದು ಕಾರ್ಡ್. ಹೆಸರು ಬಂದದ್ದು ಬ್ಯಾಕಪ್ಪಿಗೆ. ಈ ತಂಡ ಬೇಜವಾಬ್ದಾರಿಯದಲ್ಲ, ಬ್ಯಾಕಪ್ಪನ್ನು ಪರೀಕ್ಷಿಸಿ ನೋಡುವ ಕಚೇರಿಗಳೇ ವಿರಳ. ಆದರೆ ಕಾರ್ಡನ್ನು ಇನ್ನೊಂದು ಕೋಣೆಯಲ್ಲಿಟ್ಟು ಬಂದು ಮಾಡಿದ ಪರೀಕ್ಷೆಗೆ ಮಾತ್ರ ಬೆಲೆ.

ಒಂದು ಪ್ರಶ್ನೆಗೆ ಕೊಟ್ಟ ಉತ್ತರ

ಈ ಹೊತ್ತಿಗೆ ಕಚೇರಿಯ ಯಾರೋ ಫ್ಯಾಕ್ಟರಿ ರೀಸೆಟ್ ಮಾಡೋಣ ಎನ್ನುತ್ತಿದ್ದರು. ಬೇಡ ಎಂದೆ. ಕೀಲಿ ಹೇಗೂ ಹೋಗಿದೆ, ಆದರೆ ಮುಚ್ಚಿದ ಕಾರ್ಡ್ ಕೂಡ ತನ್ನಲ್ಲಿರುವ ಕೀಲಿಗಳ ಫಿಂಗರ್‌ಪ್ರಿಂಟ್ (ಪ್ರತಿ ಕೀಲಿಯನ್ನು ಗುರುತಿಸುವ ಅಕ್ಷರಗಳ ಸಾಲು) ಮತ್ತು ಹುಟ್ಟಿದ ದಿನಾಂಕಗಳನ್ನು ಪಿನ್ ಇಲ್ಲದೆ ತೋರಿಸುತ್ತದೆ. ಹಳೆಯ ಫೈಲುಗಳಲ್ಲಿ ಏನಾದರೂ ಸಿಕ್ಕರೆ ಹೋಲಿಸಿ ನೋಡಲು ಅದು ಬೇಕಾಗಬಹುದಿತ್ತು.

ಬೇಕಾಯಿತು ಕೂಡ. ಕಾರ್ಡಿನಲ್ಲೇ ಕೀಲಿ ಹುಟ್ಟಿಸು ಎಂದು ಹೇಳಿದಾಗ ಜಿಪಿಜಿ ಮೊದಲು ಒಂದು ಪ್ರಶ್ನೆ ಕೇಳುತ್ತದೆ: ಎನ್‌ಕ್ರಿಪ್ಷನ್ ಕೀಲಿಯ (ಬಂದ ಮೇಲ್ ತೆರೆಯುವ ಕೀಲಿಯ) ಬ್ಯಾಕಪ್ಪನ್ನು ಕಾರ್ಡಿನ ಹೊರಗೆ ಇಡಲೇ? ಸುಮ್ಮನೆ ಎಂಟರ್ ಒತ್ತಿದರೆ ಹೌದು ಎಂದರ್ಥ. ಹೌದು ಎಂದರೆ ಸಹಿ ಕೀಲಿ ಮತ್ತು ದೃಢೀಕರಣದ (ಲಾಗಿನ್ ಆಗಲು ಬಳಸುವ) ಕೀಲಿ ಚಿಪ್ಪಿನೊಳಗೇ ಹುಟ್ಟುತ್ತವೆ, ಎನ್‌ಕ್ರಿಪ್ಷನ್ ಕೀಲಿ ಮಾತ್ರ ಕಂಪ್ಯೂಟರಿನಲ್ಲಿ ಹುಟ್ಟಿ ಕಾರ್ಡಿಗೆ ಹೋಗುತ್ತದೆ. ಅದರ ಒಂದು ಪ್ರತಿ ಪಾಸ್‌ಫ್ರೇಸ್‌ನಡಿ (ಉದ್ದನೆಯ ಪಾಸ್‌ವರ್ಡಿನಡಿ) ಜಿಪಿಜಿಯ ಫೋಲ್ಡರಿನಲ್ಲಿ ಉಳಿಯುತ್ತದೆ. ಫೈಲಿನ ಹೆಸರು 'ಎಸ್‌ಕೆ' ಎಂದು ಶುರುವಾಗುತ್ತದೆ, ಮುಂದೆ ಕೀಲಿಯ ಗುರುತಿನ 16 ಅಕ್ಷರಗಳು.

ಸಹಾಯಕರಿಗೆ ಫೋನ್ ಮಾಡಿ ಏನು ಉತ್ತರ ಕೊಟ್ಟಿರಿ ಎಂದು ಕೇಳಿದೆ. ನೆನಪಿರಲಿಲ್ಲ, ಇರಲು ಸಾಧ್ಯವೂ ಇಲ್ಲ. ಆದರೆ ಎರಡು ಸಂಗತಿ ಹೇಳಿದರು. ಒಂದು, ತಿಜೋರಿಯ ಲಕೋಟೆ. ಇನ್ನೊಂದು, ಕೀಲಿ ಹುಟ್ಟಿಸಿದ ಲ್ಯಾಪ್‌ಟಾಪನ್ನು ಅಳಿಸುವ ಮುಂಚೆ ಅದರ ಡಿಸ್ಕನ್ನು ಇಡಿಯಾಗಿ ಇಮೇಜ್ ಮಾಡಿ ಹೊರಗಿನ ಡಿಸ್ಕಿನಲ್ಲಿ ಇಟ್ಟಿದ್ದು. ಬೇಕಾದ ಫೋಲ್ಡರುಗಳನ್ನಷ್ಟೇ ನಕಲು ಮಾಡಿದ್ದರೆ ಚುಕ್ಕೆಯಿಂದ ಶುರುವಾಗುವ, ಕಣ್ಣಿಗೆ ಕಾಣದ ಜಿಪಿಜಿ ಫೋಲ್ಡರ್ ಬಹುಶಃ ಅಲ್ಲೇ ಉಳಿದು ಹೋಗುತ್ತಿತ್ತು.

ಇಮೇಜಿನಲ್ಲಿ 'ಎಸ್‌ಕೆ' ಫೈಲ್ ಇತ್ತು. ಗುರುತು ಕಾರ್ಡಿನ ಎನ್‌ಕ್ರಿಪ್ಷನ್ ಕೀಲಿಯ ಫಿಂಗರ್‌ಪ್ರಿಂಟಿನ ಕೊನೆಯ 16 ಅಕ್ಷರಗಳಿಗೆ ತಾಳೆಯಾಯಿತು. ಲಕೋಟೆಯಲ್ಲಿ ಮೂರು ಸಾಲು: ಪಿನ್, ಅಡ್ಮಿನ್ ಪಿನ್, ಮತ್ತು ಬರೀ 'ಬ್ಯಾಕಪ್' ಎಂದು ಬರೆದ ಒಂದು ಪಾಸ್‌ಫ್ರೇಸ್.

ಇದನ್ನು ಜಾಣ್ಮೆಯ ಗೆಲುವು ಎಂದು ಬರೆಯಲು ನನಗೆ ಮನಸ್ಸಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ, ಮೂರು ವರ್ಷದ ಗೋಪ್ಯ ಮೇಲ್‌ಗಳ ಕೀಲಿ ಬೀರುವಿನ ಡಿಸ್ಕೊಂದರಲ್ಲಿ ಯಾರ ಲೆಕ್ಕಕ್ಕೂ ಸಿಗದೆ ಬಿದ್ದಿತ್ತು. ಅದರ ಮೇಲೆ ಇದ್ದ ಕಾವಲು ಒಂದು ಪಾಸ್‌ಫ್ರೇಸ್ ಮಾತ್ರ. ಡಿಸ್ಕ್ ಕಳುವಾಗಿದ್ದರೆ ಇದೇ ಫೈಲಿನ ಬಗ್ಗೆ ಬೇರೆಯೇ ಪ್ರಕರಣ ಬರೆಯಬೇಕಾಗುತ್ತಿತ್ತು. ಇಲ್ಲಿ ಅಜಾಗರೂಕತೆಯೇ ಕಾಪಾಡಿತು.

ಈ ಫೈಲನ್ನು ಮಾಮೂಲಿ ಕೀಲಿಯಂತೆ ಆಮದು ಮಾಡಲು ಬರುವುದಿಲ್ಲ. ಅದರಲ್ಲಿರುವುದು ಒಂದೇ ಒಂದು ಖಾಸಗಿ ಕೀಲಿಯ ಪ್ಯಾಕೆಟ್. ಹೆಸರು, ಸಹಿ, ಪ್ರಧಾನ ಕೀಲಿ ಯಾವುದೂ ಇಲ್ಲ. ಕೀಲಿ ತಿದ್ದುವ ಜಾಗಕ್ಕೆ ಹೋಗಿ, ಬ್ಯಾಕಪ್ಪನ್ನು ಕಾರ್ಡಿಗೆ ಏರಿಸುವ ಪ್ರತ್ಯೇಕ ಆದೇಶವನ್ನೇ ಕೊಡಬೇಕು. ನೆಟ್‌ವರ್ಕ್ ತೆಗೆದ ಒಂದು ಲ್ಯಾಪ್‌ಟಾಪಿನಲ್ಲಿ ಇಡೀ ಜಿಪಿಜಿ ಫೋಲ್ಡರಿನ ನಕಲನ್ನಿಟ್ಟು, ಹೊಸ ಕಾರ್ಡಿನ ಮೇಲೆ ಅದನ್ನು ಮಾಡಿದೆವು. ಪಾಸ್‌ಫ್ರೇಸ್ ಕೇಳಿತು, ಹೊಸ ಕಾರ್ಡಿನ ಅಡ್ಮಿನ್ ಪಿನ್ ಕೇಳಿತು, ಕೀಲಿ ಕಾರ್ಡಿಗೆ ಇಳಿಯಿತು.

ಮುಖ್ಯಸ್ಥೆಯ ಲ್ಯಾಪ್‌ಟಾಪಿಗೆ ಹೊಸ ಕಾರ್ಡ್ ಹಾಕಿದಾಗ ಇನ್ನೊಂದು ತಡೆ. ಅಲ್ಲಿನ ಸ್ಟಬ್ ಇನ್ನೂ ಹಳೆಯ ಕ್ರಮಸಂಖ್ಯೆಯನ್ನೇ ಹಿಡಿದುಕೊಂಡಿತ್ತು, ಸತ್ತ ಕಾರ್ಡನ್ನೇ ಹಾಕಿ ಎಂದು ಕೇಳುತ್ತಿತ್ತು. ಕಾರ್ಡನ್ನು ಬಲವಂತವಾಗಿ ಮತ್ತೆ ಕಲಿತುಕೋ ಎಂದು, ಹಿನ್ನೆಲೆಯಲ್ಲಿ ಕೀಲಿಗಳನ್ನು ನೋಡಿಕೊಳ್ಳುವ ಜಿಪಿಜಿ ಏಜೆಂಟಿಗೆ ಹೇಳಿದ ಮೇಲೆ ಹಳೆಯ ಮೇಲ್ ತೆರೆಯಿತು. ಕೀಬೋರ್ಡ್ ವಿನ್ಯಾಸ ಸರಿಪಡಿಸಿ, ಹೊಸ ಕಾರ್ಡಿನ ಪಿನ್ನನ್ನು ಬರೀ ಅಂಕಿಗಳಲ್ಲಿ ಇಟ್ಟದ್ದು ಅದಕ್ಕೂ ಮುಂಚೆ.

ಮೇಲ್ ಉಳಿಯಿತು, ಗುರುತು ಉಳಿಯಲಿಲ್ಲ

ಬ್ಯಾಕಪ್ ಇದ್ದದ್ದು ಎನ್‌ಕ್ರಿಪ್ಷನ್ ಕೀಲಿಗೆ ಮಾತ್ರ. ಉಳಿದವನ್ನೆಲ್ಲ ತನ್ನಡಿ ಕಟ್ಟಿಕೊಳ್ಳುವ ಪ್ರಧಾನ ಕೀಲಿ, ಇಲ್ಲಿ ಆ ಸಹಿ ಕೀಲಿಯೇ, ಚಿಪ್ಪಿನಲ್ಲಿ ಹುಟ್ಟಿ ಚಿಪ್ಪಿನಲ್ಲೇ ಸತ್ತಿತ್ತು. ಅದಿಲ್ಲದೆ ಹೊಸ ಉಪಕೀಲಿ ಸೇರಿಸುವಂತಿಲ್ಲ, ಅವಧಿ ಮುಂದೂಡುವಂತಿಲ್ಲ, ಬೇರೆಯವರ ಕೀಲಿಗೆ ಸಹಿ ಹಾಕುವಂತಿಲ್ಲ. ಆರು ತಿಂಗಳಲ್ಲಿ ಕೀಲಿಯ ಅವಧಿ ಹೇಗೂ ಮುಗಿಯುವುದಿತ್ತು. ಹೊಸ ಕೀಲಿಯೇ ಗತಿ.

ಇಲ್ಲಿ ಒಂದು ಮಾತು. 'ಕೀಲಿ ಎಂದಿಗೂ ಕಾರ್ಡಿನಿಂದ ಹೊರಗೆ ಇರಬಾರದು' ಎಂಬ ನಿಯಮವನ್ನು ಬಹಳ ಜನ ಕಣ್ಣುಮುಚ್ಚಿ ಪಾಲಿಸುತ್ತಾರೆ. ಸಹಿ ಕೀಲಿಗೆ ಅದು ಸರಿ. ಸಹಿ ಕೀಲಿ ಹೋದರೆ ನಿನ್ನೆ ಹಾಕಿದ ಸಹಿಗಳನ್ನು ಸಾರ್ವಜನಿಕ ಕೀಲಿಯಿಂದ ಈಗಲೂ ತಾಳೆ ನೋಡಬಹುದು; ನಾಳೆಯಿಂದ ಹೊಸ ಕೀಲಿಯಲ್ಲಿ ಸಹಿ ಹಾಕಿದರಾಯಿತು. ಎನ್‌ಕ್ರಿಪ್ಷನ್ ಕೀಲಿ ಹೋದರೆ ಹೋಗುವುದು ನಿನ್ನೆಯೇ. ಎರಡಕ್ಕೂ ಒಂದೇ ನಿಯಮ ಹಾಕುವುದರಲ್ಲಿ ಅರ್ಥವಿಲ್ಲ. ಎನ್‌ಕ್ರಿಪ್ಷನ್ ಕೀಲಿ ಕಾರ್ಡಿಗೆ ಇಳಿಯುವ ಮುಂಚೆಯೇ ಅದರ ಪ್ರತಿ ಹೊರಗೆ, ಗೊತ್ತಿರುವ ಜಾಗದಲ್ಲಿ ಇರಬೇಕು.

ಚಿಪ್ಪಿನಲ್ಲಿ ಹುಟ್ಟಿದ ಕೀಲಿಯೇ ಹೆಚ್ಚು ಗಟ್ಟಿ ಎಂಬ ನಂಬಿಕೆಗೆ 2017ರ ರೋಕಾ ದೋಷವೇ ಉತ್ತರ. ಇನ್ಫಿನಿಯಾನ್ ಚಿಪ್ಪುಗಳ ತಂತ್ರಾಂಶವು ಆರ್‌ಎಸ್‌ಎ ಕೀಲಿ ಹುಟ್ಟಿಸುವಾಗ ಅವಿಭಾಜ್ಯ ಸಂಖ್ಯೆಗಳನ್ನು ಊಹಿಸಬಹುದಾದ ರೂಪದಲ್ಲಿ ಆರಿಸುತ್ತಿತ್ತು. ಎಸ್ಟೋನಿಯಾ 7 ಲಕ್ಷಕ್ಕೂ ಹೆಚ್ಚು ಗುರುತಿನ ಕಾರ್ಡುಗಳ ಪ್ರಮಾಣಪತ್ರಗಳನ್ನು ತಡೆಹಿಡಿಯಬೇಕಾಯಿತು, ಯುಎಸ್‌ಬಿ ಭದ್ರತಾ ಸಾಧನವಾದ ಯೂಬಿಕೀ 4ರ ಕೆಲವು ಆವೃತ್ತಿಗಳಿಗೂ ಅದು ತಟ್ಟಿತು. ಹೊರಗೆ ಹುಟ್ಟಿಸಿ ಕಾರ್ಡಿಗೆ ಏರಿಸಿದ ಕೀಲಿಗಳಿಗೆ ಏನೂ ಆಗಲಿಲ್ಲ.

ಹೊಸ ಕೀಲಿ ಮಾಡುವುದು ಸುಲಭ, ಅದು ನಮ್ಮದೇ ಎಂದು ಜನರನ್ನು ನಂಬಿಸುವುದು ಕಷ್ಟ. ಮಾಮೂಲಿಯಾಗಿ 'ಇನ್ನು ಮೇಲೆ ಇದು ನಮ್ಮ ಕೀಲಿ' ಎಂಬ ಪತ್ರಕ್ಕೆ ಹಳೆಯ ಕೀಲಿಯಿಂದ ಸಹಿ ಹಾಕುತ್ತಾರೆ. ಇಲ್ಲಿ ಸಹಿ ಹಾಕುವ ಕೀಲಿಯೇ ಇಲ್ಲ. ಹೊರಗಿನಿಂದ ನೋಡಿದರೆ ಇವರ ಮೇಲ್ ವಿಳಾಸವನ್ನು ಕಸಿದುಕೊಂಡವನು ಬರೆಯುವ ಪತ್ರಕ್ಕೂ ಇವರು ಬರೆಯುವ ಪತ್ರಕ್ಕೂ ವ್ಯತ್ಯಾಸವಿಲ್ಲ. ಹಾಗಾಗಿ ಮುಖ್ಯಸ್ಥೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೊಸ ಫಿಂಗರ್‌ಪ್ರಿಂಟಿನ 40 ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಓದಿದರು. ಧ್ವನಿ ಪರಿಚಯವಿಲ್ಲದವರನ್ನು ಮುಖತಃ ಭೇಟಿಯಾದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಈ ಕೆಲಸ, ಕಂಪ್ಯೂಟರಿನ ಮುಂದಿನದಲ್ಲ.

ಹಳೆಯ ಕೀಲಿಯನ್ನು ರದ್ದು ಮಾಡಲು ಪ್ರಧಾನ ಕೀಲಿ ಬೇಕಾಗಲಿಲ್ಲ. ಜಿಪಿಜಿ 2.1ರಿಂದ ಈಚೆಗೆ ಕೀಲಿ ಹುಟ್ಟಿದ ಕೂಡಲೇ ರದ್ದತಿ ಪ್ರಮಾಣಪತ್ರವೂ ತಾನಾಗಿ ಹುಟ್ಟಿ ಒಂದು ಉಪಫೋಲ್ಡರಿನಲ್ಲಿ ಕೂರುತ್ತದೆ. ಡಿಸ್ಕ್ ಇಮೇಜಿನಲ್ಲಿ ಅದೂ ಇತ್ತು. ಅದರ ಮೊದಲ ಅಡ್ಡಗೆರೆಗಳ ಮುಂದೆ ಬೇಕೆಂದೇ ಒಂದು ವಿವರಣ ಚಿಹ್ನೆ (:) ಹಾಕಿರುತ್ತಾರೆ, ಯಾರೂ ಕೈತಪ್ಪಿ ಆಮದು ಮಾಡದಿರಲಿ ಎಂದು. ಎಡಿಟರಿನಲ್ಲಿ ಅದನ್ನು ಅಳಿಸಿದರೆ ಫೈಲ್ ಕೆಲಸ ಮಾಡುತ್ತದೆ.

ಯಾವಾಗ ರದ್ದು ಮಾಡುವುದು ಎಂಬುದರ ಬಗ್ಗೆ ಚರ್ಚೆಯಾಯಿತು. ತಕ್ಷಣ ಮಾಡಿ ಎಂದವರೂ ಇದ್ದರು. ಕೀಲಿ ಕಳುವಾಗಿರಲಿಲ್ಲ, ಬಳಕೆ ತಪ್ಪಿತ್ತು ಅಷ್ಟೇ. ಹೊಸದು ಎಲ್ಲರ ಕೈ ಸೇರುವ ಮುಂಚೆ ಹಳೆಯದನ್ನು ರದ್ದು ಮಾಡಿದರೆ ನಡುವಿನ ದಿನಗಳಲ್ಲಿ ಯಾರಾದರೂ ಎನ್‌ಕ್ರಿಪ್ಟ್ ಮಾಡದೆಯೇ ಕಳಿಸಿಬಿಡುವ ಅಪಾಯ ದೊಡ್ಡದು. ಕಾಯೋಣ ಎಂಬ ಪಕ್ಷ ನನ್ನದಾಗಿತ್ತು, ಹಾಗೇ ಆಯಿತು. ಕಳುವಿನ ಸಣ್ಣ ಸಂಶಯವಿದ್ದರೂ ನಾನು ಉಲ್ಟಾ ಹೇಳುತ್ತಿದ್ದೆ.

ಈಗಿನ ಏರ್ಪಾಡು

ಪ್ರಧಾನ ಕೀಲಿ ಈ ಬಾರಿ ಕಾರ್ಡಿನಲ್ಲಿಲ್ಲ. ನೆಟ್‌ವರ್ಕ್ ಇಲ್ಲದ ಯಂತ್ರದಲ್ಲಿ, ಪೆನ್‌ಡ್ರೈವಿನಿಂದ ಓಡುವ ಟೇಲ್ಸ್ ಕಾರ್ಯಾಚರಣ ವ್ಯವಸ್ಥೆಯ ಮೇಲೆ, ಪ್ರಮಾಣೀಕರಿಸುವ ಅಧಿಕಾರ ಮಾತ್ರ ಕೊಟ್ಟು ಹುಟ್ಟಿಸಿದ್ದು. ಸಹಿ, ಎನ್‌ಕ್ರಿಪ್ಷನ್ ಎರಡೂ ಉಪಕೀಲಿಗಳು. ಕಾರ್ಡಿಗೆ ಏರಿಸುವ ಮುಂಚೆ ಇಡೀ ಫೋಲ್ಡರಿನ ಪ್ರತಿ ಎರಡು ಎನ್‌ಕ್ರಿಪ್ಟೆಡ್ ಪೆನ್‌ಡ್ರೈವ್‌ಗಳಿಗೆ ಹೋಯಿತು, ಎರಡು ಬೇರೆ ಕಟ್ಟಡಗಳಿಗೆ. ಈ ಕ್ರಮ ತಪ್ಪಬಾರದು: ಕಾರ್ಡಿಗೆ ಏರಿಸಿ ಉಳಿಸು ಎಂದ ಕ್ಷಣವೇ ಕಂಪ್ಯೂಟರಿನಲ್ಲಿದ್ದ ಕೀಲಿ ಅಳಿದು ಸ್ಟಬ್ ಉಳಿಯುತ್ತದೆ. ಎರಡನೆಯ ಕಾರ್ಡ್ ಮಾಡಲು ಪ್ರತಿಯಿಂದ ಮತ್ತೆ ಶುರು ಮಾಡಬೇಕು. ಎರಡೂ ಕಾರ್ಡುಗಳಲ್ಲಿ ಎನ್‌ಕ್ರಿಪ್ಷನ್ ಕೀಲಿ ಒಂದೇ, ಸಹಿ ಕೀಲಿ ಬೇರೆ ಬೇರೆ.

ಹಳೆಯ ಮೇಲ್‌ಗಳ ಕೀಲಿ ಮೂರನೆಯ ಕಾರ್ಡಿನಲ್ಲಿದೆ. ಒಂದು ಕಾರ್ಡಿನಲ್ಲಿ ಎನ್‌ಕ್ರಿಪ್ಷನ್ನಿಗೆ ಇರುವ ಜಾಗ ಒಂದೇ, ಹಾಗಾಗಿ ಹೊಸದರ ಜೊತೆ ಅದು ಹಿಡಿಸುವುದಿಲ್ಲ. ಹಳೆಯ ಮೇಲ್‌ಗಳನ್ನೆಲ್ಲ ಹೊಸ ಕೀಲಿಗೆ ಎನ್‌ಕ್ರಿಪ್ಟ್ ಮಾಡಿ ಇಡೋಣವೇ ಎಂಬ ಮಾತು ಬಂತು. ಅಷ್ಟೂ ಮೇಲ್ ಬರಿಗಣ್ಣಿಗೆ ಓದುವ ರೂಪದಲ್ಲಿ ಸ್ವಲ್ಪ ಹೊತ್ತಾದರೂ ಒಂದು ಡಿಸ್ಕಿನ ಮೇಲೆ ಇರಬೇಕಾಗುತ್ತಿದ್ದುದರಿಂದ ಕೈಬಿಟ್ಟೆವು.

ಲಕೋಟೆ ಈಗಲೂ ತಿಜೋರಿಯಲ್ಲೇ ಇದೆ. ಅದರ ಮೇಲೆ 'ಮೇಲ್ ಕಾರ್ಡ್ ಪಿನ್ ಎರಡನೇ ಬಾರಿ ತಪ್ಪಾದರೆ ನಿಲ್ಲಿಸಿ, ಇದನ್ನು ತೆರೆಯಿರಿ' ಎಂದು ಬರೆದಿದೆ. ಅದು ಎಲ್ಲಿದೆ ಎಂಬುದು ಮೂವರಿಗೆ ಗೊತ್ತು.

ಮೇಲ್‌ಗೆ ತಂಡ ಬಳಸುವ ತಂತ್ರಾಂಶ ಥಂಡರ್‌ಬರ್ಡ್. 2020ರ 78ನೇ ಆವೃತ್ತಿಯಿಂದ ಅದರಲ್ಲಿ ಓಪನ್‌ಪಿಜಿಪಿ ಒಳಗೇ ಇದೆ, ಆದರೆ ಸ್ಮಾರ್ಟ್ ಕಾರ್ಡ್ ಬೇಕೆಂದರೆ ಖಾಸಗಿ ಕೀಲಿಯ ಕೆಲಸವನ್ನು ಹೊರಗಿನ ಜಿಪಿಜಿಗೆ ಒಪ್ಪಿಸುವ ಸೆಟ್ಟಿಂಗನ್ನು ಕೈಯಾರೆ ಚಾಲೂ ಮಾಡಬೇಕು. ಹಾಗೆ ಮಾಡಿದ ಮೇಲೂ ಸಾರ್ವಜನಿಕ ಕೀಲಿಗಳನ್ನು ಅದು ತನ್ನದೇ ಸಂಗ್ರಹದಿಂದ ಓದುತ್ತದೆ. ಇದರಿಂದ ಒಂದು ಗೊಂದಲವಾಯಿತು. ರದ್ದತಿಯನ್ನು ಜಿಪಿಜಿಗೆ ಆಮದು ಮಾಡಿ, ಸಾರ್ವಜನಿಕ ಕೀಲಿಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಕೀ ಸರ್ವರಿಗೂ ಕಳಿಸಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಥಂಡರ್‌ಬರ್ಡ್ ಮಾತ್ರ ಹಳೆಯ ಕೀಲಿ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ರದ್ದಾದ ಸಾರ್ವಜನಿಕ ಕೀಲಿಯನ್ನು ಪ್ರತಿಯೊಬ್ಬರ ಥಂಡರ್‌ಬರ್ಡಿಗೂ ಬೇರೆಯಾಗಿ ಆಮದು ಮಾಡಬೇಕಾಯಿತು.

ಹೊರಗಿನವರ ಕಡೆಯೂ ಇದೇ ಕಥೆ. ರದ್ದತಿ ಕೀ ಸರ್ವರಿನಲ್ಲಿದ್ದ ಮಾತ್ರಕ್ಕೆ ಅವರ ಮೇಲ್ ತಂತ್ರಾಂಶ ಹೋಗಿ ಕೇಳುತ್ತದೆ ಎಂದಿಲ್ಲ. ಹಳೆಯ ಕೀಲಿಗೆ ಎನ್‌ಕ್ರಿಪ್ಟ್ ಆದ ಮೇಲ್ ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಮುಖ್ಯಸ್ಥೆ ಮೂರನೆಯ ಕಾರ್ಡ್ ಹಾಕಿ ಅದನ್ನು ಓದುತ್ತಾರೆ, ಕಳಿಸಿದವರಿಗೆ ಫೋನ್ ಮಾಡಿ ಹೊಸ ಫಿಂಗರ್‌ಪ್ರಿಂಟನ್ನು ಮತ್ತೊಮ್ಮೆ ಓದಿ ಹೇಳುತ್ತಾರೆ.